ಸರ್ಕಾರಿ ಗುತ್ತಿಗೆ ಇರುವ ಕಂಪನಿ ಕೊಳ್ಳುವ ಮುನ್ನ ಇದನ್ನೊಮ್ಮೆ ಓದಿ

ಅಮೆರಿಕದಲ್ಲಿ ಫೆಡರಲ್ ಸರ್ಕಾರದ ಕೆಲಸ ಮಾಡುವ ಚಿಕ್ಕ ಐಟಿ ಕಂಪನಿಯೊಂದನ್ನು ಕೊಳ್ಳಲು ಹೊರಟಿರುವ ಪರಿಚಯದವರೊಬ್ಬರು ಮೊನ್ನೆ ಫೋನ್ ಮಾಡಿದ್ದರು. "ಐದು ವರ್ಷದ ಕಾಂಟ್ರ್ಯಾಕ್ಟ್ ಕೈಯಲ್ಲಿದೆ, ಹೆದರೋದೇನಿದೆ?" ಅಂದರು. ಮೂರು ವರ್ಷದ ಹಿಂದೆ ನಾನೂ ನನ್ನ ಇಬ್ಬರು ಪಾಲುದಾರರೂ ಇದೇ ಮಾತಾಡಿಕೊಂಡು ಇಂಥದೇ ಒಂದು ಕಂಪನಿ ಕೊಳ್ಳಲು ಸಹಿ ಹಾಕಿದ್ದೆವು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಐದು ವರ್ಷದಲ್ಲಿ ಗಟ್ಟಿ ಇದ್ದದ್ದು ಒಂದೇ ವರ್ಷ. ಉಳಿದ ನಾಲ್ಕು ಆಪ್ಷನ್ ವರ್ಷಗಳು. ಮುಂದುವರಿಸುವುದೋ ಬಿಡುವುದೋ ಎಂಬ ತೀರ್ಮಾನ ಸರ್ಕಾರದ್ದು ಮಾತ್ರ. ಗಟ್ಟಿ ಇರುವ ವರ್ಷದಲ್ಲೂ ತನ್ನ ಅನುಕೂಲಕ್ಕಾಗಿ ಗುತ್ತಿಗೆಯನ್ನು ನಡುವೆಯೇ ಮುಗಿಸುವ ಹಕ್ಕು ಅದಕ್ಕಿದೆ. ಮಾರಿದವರು ಕೊಟ್ಟ ಎಕ್ಸೆಲ್ ಹಾಳೆಯಲ್ಲಿ ಐದೂ ವರ್ಷದ ಆದಾಯ ಒಂದೇ ಸಾಲಿನಲ್ಲಿತ್ತು. ನಾವು ಕೂಡಿಸಿ ಬೆಲೆ ಕಟ್ಟಿಬಿಟ್ಟೆವು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಖರೀದಿಯ ಬಗೆಯಲ್ಲಿ. ನಮ್ಮ ವಕೀಲರು ಒಳ್ಳೆಯವರೇ, ಆದರೆ ಸರ್ಕಾರಿ ಗುತ್ತಿಗೆಯ ಅನುಭವ ಅವರಿಗಿರಲಿಲ್ಲ. "ಷೇರು ಕೊಂಡರೆ ಹಳೇ ಹೊಣೆಯೆಲ್ಲ ಜೊತೆಗೆ ಬರುತ್ತದೆ, ಆಸ್ತಿಯನ್ನಷ್ಟೇ ಕೊಳ್ಳಿ" ಎಂದರು. ಬೇರೆ ವ್ಯಾಪಾರದಲ್ಲಿ ಇದು ಸರಿಯಾದ ಸಲಹೆ. ಆದರೆ ಫೆಡರಲ್ ಗುತ್ತಿಗೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವುದನ್ನು ಕಾನೂನೇ ನಿಷೇಧಿಸಿದೆ. ಆಸ್ತಿ ಕೊಂಡವರು ನೊವೇಶನ್‌ಗೆ, ಅಂದರೆ ಹಳೇ ಗುತ್ತಿಗೆದಾರರ ಜಾಗದಲ್ಲಿ ತಮ್ಮನ್ನು ಒಪ್ಪಿಕೊಳ್ಳಿ ಎಂದು, ಸರ್ಕಾರಕ್ಕೆ ಅರ್ಜಿ ಹಾಕಬೇಕು. ಅದನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ಸರ್ಕಾರಕ್ಕಿಲ್ಲ. ಷೇರು ಕೊಂಡು, ಗುತ್ತಿಗೆ ಹಿಡಿದ ಕಂಪನಿ ಹಾಗೇ ಉಳಿದರೆ ಸಾಮಾನ್ಯವಾಗಿ ನೊವೇಶನ್ ಬೇಕಾಗುವುದೇ ಇಲ್ಲ.

ನಮಗೆ ಒಪ್ಪಿಗೆ ಸಿಗಲು ಏಳು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಕಾಗದದ ಮೇಲೆ ಗುತ್ತಿಗೆದಾರರು ಹಳೇ ಮಾಲೀಕರೇ. ನಾವು ಅವರ ಕೈಕೆಳಗಿನ ಉಪಗುತ್ತಿಗೆದಾರರು. ಸಂಬಳ ಕೊಡುವವರು ನಾವು, ಬಿಲ್ಲಿನ ಹಣ ಬೀಳುವುದು ಅವರ ಖಾತೆಗೆ. ಕೊನೆಗೆ ಬಂದ ನೊವೇಶನ್ ಪತ್ರವನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಗುತ್ತಿಗೆಯಡಿಯ ಎಲ್ಲ ಹೊಣೆ, ಎಲ್ಲ ಬಾಧ್ಯತೆಗಳನ್ನು ಮೊದಲಿನಿಂದಲೂ ನಾವೇ ಗುತ್ತಿಗೆದಾರರಾಗಿದ್ದೆವೋ ಎಂಬಂತೆ ಹೊರುತ್ತೇವೆ ಎಂದು ಅದರಲ್ಲಿತ್ತು. ಯಾವ ಹಳೇ ಹೊರೆ ತಪ್ಪಿಸಿಕೊಳ್ಳಲು ಆಸ್ತಿ ಖರೀದಿಗೆ ಹೋದೆವೋ ಅದೇ ಹೊರೆ ತಲೆ ಮೇಲೆ ಬಂದು ಕೂತಿತ್ತು. ಅಷ್ಟು ಹೊತ್ತಿಗೆ ಹಣದ ಬಹುಪಾಲು ಕೊಟ್ಟಾಗಿತ್ತು. ಸಹಿ ಹಾಕಿದೆವು.

ಆ ಸಹಿಯಾದ ಮೂರನೇ ವಾರ, ಹಳೇ ಕಂಪನಿಯಿಂದ ನಮಗೆ ಬಂದ ನೌಕರರಲ್ಲಿ ಒಬ್ಬ ಹುಡುಗ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ. ಕೈಯಲ್ಲಿ ಎರಡು ಹಾಳೆ. ಒಂದು ಅವನ ರೆಸ್ಯೂಮೆ, ಇನ್ನೊಂದು ಗುತ್ತಿಗೆಯಲ್ಲಿ 'ಸೀನಿಯರ್ ಸಿಸ್ಟಮ್ಸ್ ಎಂಜಿನಿಯರ್' ಹುದ್ದೆಗೆ ಬೇಕಾದ ಅರ್ಹತೆಯ ಪುಟ. ಅಲ್ಲಿ 10 ವರ್ಷದ ಅನುಭವ ಕೇಳಿದ್ದರು. ಅವನದು 4. ಎರಡು ವರ್ಷದಿಂದ ಪ್ರತಿ ತಿಂಗಳೂ ಅವನ ಹೆಸರಿನಲ್ಲಿ ಸೀನಿಯರ್ ದರದ ಬಿಲ್ಲು ಹೋಗಿತ್ತು. "ನಾನು ಕೇಳಿದಾಗ ಸುಮ್ಮನಿರು ಅಂದಿದ್ದರು" ಎಂದ. ಅವನ ಕೈ ನಡುಗುತ್ತಿತ್ತು. ಆ ವಾರವೇ ಎಲ್ಲರ ಕಡತ ತೆಗೆಸಿ ನೋಡಿದೆ. ಅವನಂತೆ ಇನ್ನೂ ಐವರಿದ್ದರು.

ಇದು ಬರೀ ಬಿಲ್ಲಿನ ತಪ್ಪಲ್ಲ. 1863ರಿಂದ ಜಾರಿಯಲ್ಲಿರುವ ಫಾಲ್ಸ್ ಕ್ಲೇಮ್ಸ್ ಆಕ್ಟ್ ಪ್ರಕಾರ, ಗೊತ್ತಿದ್ದೂ ಸುಳ್ಳು ಬಿಲ್ಲು ಕೊಟ್ಟರೆ ಸರ್ಕಾರಕ್ಕಾದ ನಷ್ಟದ ಮೂರು ಪಟ್ಟು, ಜೊತೆಗೆ ಒಂದೊಂದು ಬಿಲ್ಲಿಗೂ ಪ್ರತ್ಯೇಕ ದಂಡ. ವಿಷಯ ಗೊತ್ತಾದ ಮೇಲೆ ನಾವು ಮುಚ್ಚಿಟ್ಟಿದ್ದರೆ ಆ 'ಗೊತ್ತಿದ್ದೂ' ಎಂಬ ಮಾತು ನಮಗೂ ತಗಲುತ್ತಿತ್ತು. ಮುಂದೆ ಸರ್ಕಾರಿ ಕೆಲಸದಿಂದಲೇ ನಮ್ಮನ್ನು ಹೊರಗಿಡಬಹುದಿತ್ತು. ಇಲಾಖೆಯ ಅಕ್ರಮಗಳನ್ನು ತನಿಖೆ ಮಾಡುವ ಇನ್ಸ್‌ಪೆಕ್ಟರ್ ಜನರಲ್ ಕಚೇರಿಗೆ ನಾವೇ ಲಿಖಿತವಾಗಿ ತಿಳಿಸಿ, ಹೆಚ್ಚುವರಿ ಹಣ ವಾಪಸು ಕಟ್ಟಿದೆವು. ಮಾರಿದವರಿಂದ ವಸೂಲಿ ಮಾಡೋಣವೆಂದರೆ, ಎಸ್ಕ್ರೋದಲ್ಲಿ (ಬೆಲೆಯ ಒಂದು ಪಾಲನ್ನು ಮೂರನೆಯವರ ಬಳಿ ತಡೆದಿಡುವ ಖಾತೆ) ಹಣ ಇಡಿಸಿದ್ದದ್ದು ಬರೀ 12 ತಿಂಗಳಿಗೆ. ಅದು ಆಗಲೇ ಮುಗಿಯುತ್ತಾ ಬಂದಿತ್ತು. ಈ ಕಾಯ್ದೆಯಡಿ ದಾವೆ ಹೂಡಲು 6 ವರ್ಷ, ಕೆಲವು ಸಂದರ್ಭಗಳಲ್ಲಿ 10 ವರ್ಷದವರೆಗೂ ಅವಕಾಶವಿದೆ. ದಯವಿಟ್ಟು ಎಸ್ಕ್ರೋ ಅವಧಿಯನ್ನು ಇದರ ಪಕ್ಕದಲ್ಲಿಟ್ಟು ಮಾತಾಡಿ.

ಇನ್ನೊಂದು ವಿಷಯ. ಆ ಗುತ್ತಿಗೆ ಸಣ್ಣ ಉದ್ದಿಮೆಗಳಿಗೆ ಮೀಸಲಾಗಿತ್ತು. ನಾವು ಕೊಂಡ ಮೇಲೆ ಎರಡೂ ಕಡೆಯ ಲೆಕ್ಕ ಒಟ್ಟು ಸೇರಿ ನಾವು ಸಣ್ಣವರಾಗಿ ಉಳಿಯಲಿಲ್ಲ. ನೊವೇಶನ್ ಒಪ್ಪಿಗೆಯಾದ 30 ದಿನದೊಳಗೆ ಅದನ್ನು ನಾವೇ ಘೋಷಿಸಬೇಕಾಯಿತು. ಚಾಲ್ತಿಯಲ್ಲಿದ್ದ ಕೆಲಸ ನಿಲ್ಲಲಿಲ್ಲ. ಆದರೆ ನಮಗೆ ಕೊಡುವ ಕೆಲಸವನ್ನು, ಸಣ್ಣ ಉದ್ದಿಮೆಗಳಿಗೆ ಇಷ್ಟು ಕೆಲಸ ಕೊಡಬೇಕೆಂಬ ತನ್ನ ಗುರಿಗೆ ಲೆಕ್ಕ ಹಿಡಿಯಲು ಇಲಾಖೆಗೆ ಇನ್ನು ಬರುತ್ತಿರಲಿಲ್ಲ. ಮುಂದಿನ ಆಪ್ಷನ್ ವರ್ಷ ಬರಲೇ ಇಲ್ಲ. ಅದೇ ಕೆಲಸಕ್ಕೆ ಮತ್ತೆ ಮೀಸಲು ಟೆಂಡರ್ ಕರೆದಾಗ ನಾವು ಅರ್ಜಿ ಹಾಕುವಂತೆಯೂ ಇರಲಿಲ್ಲ. ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದವರ ಸಣ್ಣ ಕಂಪನಿಗಳಿಗಿರುವ 8(ಎ) ಯೋಜನೆಯ ಕಂಪನಿಯಾದರೆ ಇನ್ನೂ ಬಿಗಿ. ಮಾಲೀಕತ್ವ ಬದಲಾಗುವ ಮೊದಲೇ ಸಣ್ಣ ಉದ್ದಿಮೆಗಳನ್ನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಸ್‌ಬಿಎ ಬಾಗಿಲು ತಟ್ಟಬೇಕು.

ಹಾಗಾಗಿ ಮಾತುಕತೆಯ ಮೊದಲ ವಾರವೇ ಪ್ರತಿ ಗುತ್ತಿಗೆಯೂ ಯಾವ ಮೀಸಲಿನಲ್ಲಿ ಬಂದದ್ದೆಂದು ಕೇಳಿ. ಗುತ್ತಿಗೆದಾರರ ಕೆಲಸದ ಗುಣಮಟ್ಟದ ಬಗ್ಗೆ ಸರ್ಕಾರ ಬರೆದಿಡುವ ಸಿಪಾರ್ಸ್ ಮೌಲ್ಯಮಾಪನಗಳು ಹೊರಗಿನವರಿಗೆ ಕಾಣುವುದಿಲ್ಲ, ಮಾರುವವರಿಂದಲೇ ತರಿಸಿ. ರಕ್ಷಣಾ ಇಲಾಖೆಯ ಕೆಲಸವಿದ್ದರೆ ಸೈಬರ್ ಭದ್ರತೆಯ ಅಂಕ ಕೇಳಿ. ಪೂರ್ಣಾಂಕ 110, ಸೊನ್ನೆಗಿಂತ ಕೆಳಗೂ ಇಳಿಯುತ್ತದೆ.

ರೆಸ್ಯೂಮೆಗಳನ್ನು ನಾವೂ ಕೇಳಿದ್ದೆವು. "ನೌಕರರ ಖಾಸಗಿ ವಿವರ, ಕೊಡಲು ಬರುವುದಿಲ್ಲ" ಎಂದರು. ಸಂಕೋಚಪಟ್ಟು ಬಿಟ್ಟೆವು. ಹೆಸರು ಅಳಿಸಿ, ಓದು ಮತ್ತು ಅನುಭವದ ಸಾಲುಗಳನ್ನಷ್ಟೇ ಕೊಡಿ ಎಂದು ನೀವು ಕೇಳಿ. ಅದನ್ನೂ ಕೊಡದಿದ್ದರೆ ಸಹಿ ಹಾಕಬೇಡಿ.