ನಾಲ್ಕು ವರ್ಷದಿಂದ ಬೀಜ ಕಡ ತರುತ್ತಿದ್ದೇನೆ: ನಮ್ಮ ಬಡಾವಣೆಯ ಬೀಜ ಗ್ರಂಥಾಲಯ ಹೇಗಿದೆ?

ಮೈಸೂರಿನಲ್ಲಿ ನಮ್ಮದು ಮೊದಲ ಮಹಡಿಯ ಮನೆ. ತಾರಸಿಯಲ್ಲಿ ಮೂವತ್ತು ಚಿಲ್ಲರೆ ಕುಂಡ, ಒಂದು ಚಪ್ಪರ. ಗ್ರಂಥಾಲಯ ಅಂದರೆ ದೊಡ್ಡದೇನೋ ಅಂದುಕೊಂಡು ಹೋಗಿದ್ದೆ. ಇದ್ದದ್ದು ಒಂದು ಸ್ಟೀಲ್ ಬೀರು, ಅದರೊಳಗೆ ಹಳೇ ಹಾರ್ಲಿಕ್ಸ್ ಬಾಟಲಿಗಳು, ಒಂದು ಗೆರೆ ಹಾಕಿದ ನೋಟ್‌ಬುಕ್. ತಿಂಗಳ ಎರಡನೇ ಭಾನುವಾರ ಎರಡು ಗಂಟೆ ಹೊತ್ತು ತೆಗೆದಿರುತ್ತದೆ. ಒಂದು ಪೊಟ್ಟಣ ತಂದರೆ, ಬೆಳೆ ಬಂದ ಮೇಲೆ ಎರಡು ವಾಪಸ್ ಕೊಡಬೇಕು. ದುಡ್ಡಿನ ಮಾತಿಲ್ಲ. ನಮ್ಮಜ್ಜಿ ಇದ್ದಿದ್ದರೆ ನಗುತ್ತಿದ್ದರು. ಊರಲ್ಲಿ ಬಿತ್ತನೆ ರಾಗಿ ಕಡ ತಂದವರು ಕಣ ಆದ ಮೇಲೆ ಒಂದಿಷ್ಟು ಜಾಸ್ತಿ ಅಳೆದು ಕೊಡುತ್ತಿದ್ದರು. ಅದಕ್ಕೆ ಗ್ರಂಥಾಲಯ ಅಂತ ಯಾರೂ ಹೆಸರಿಟ್ಟಿರಲಿಲ್ಲ, ಅಷ್ಟೆ.

ಇಲ್ಲಿ ಸಿಗುವ ತಳಿಗಳಿಗಾಗಿಯೇ ಸೇರಬಹುದು. ಈರನಗೆರೆ ಬದನೆ ನಮ್ಮೂರಿನದೇ, ಆದರೂ ನಾನು ವಿಚಾರಿಸಿದ ಅಂಗಡಿಗಳಲ್ಲಿ ಬೀಜ ಇರಲಿಲ್ಲ. ಇಲ್ಲಿ ಸಿಕ್ಕಿತು. ಹಾಲುಬೆಂಡೆ, ಕೆಂಪು ಹರಿವೆ, ಮೀಟರ್ ಅಲಸಂದೆ ಎಲ್ಲ ಚೆನ್ನಾಗಿ ಬಂದವು. ಮಟ್ಟು ಅನ್ನುವ ಊರಿನ ಬದನೆ, ಮಟ್ಟುಗುಳ್ಳವನ್ನೂ ಹಾಕಿದೆ. ಕಾಯಿ ಬಿಟ್ಟಿತು, ಆದರೆ ಉಡುಪಿಯ ಹತ್ತಿರದ ಆ ಊರಿನ ರುಚಿ ನಮ್ಮ ಕುಂಡದ ಮಣ್ಣಿಗೆ ಬರಲಿಲ್ಲ. ಅದು ಬೀಜದ ತಪ್ಪಲ್ಲ.

ಅಂಗಡಿಯ ಹೈಬ್ರಿಡ್ ಪೊಟ್ಟಣದಲ್ಲಿ ಮೊದಲ ಬೆಳೆ ಜೋರಾಗಿ ಬರುತ್ತದೆ, ಸುಳ್ಳು ಹೇಳಲಾರೆ. ಆದರೆ ಅದರ ಬೀಜ ಎತ್ತಿಟ್ಟು ಮತ್ತೆ ಹಾಕಿದರೆ ಗಿಡಕ್ಕೊಂದು ಥರ. ವರ್ಷ ವರ್ಷವೂ ಕೊಳ್ಳಲೇಬೇಕು.

ಈಗ ದೂರುಗಳು. ಬಾಟಲಿಗಳ ಮೇಲೆ ಬರೀ ಹೆಸರು ಇರುತ್ತಿತ್ತು, ಯಾವ ವರ್ಷದ ಬೀಜ ಅಂತ ಇರುತ್ತಿರಲಿಲ್ಲ. ಎರಡನೇ ವರ್ಷ ಈರುಳ್ಳಿ ಬೀಜ ತಂದು ಹಾಕಿದೆ. ಒಂದೂ ಮೊಳೆಯಲಿಲ್ಲ. ಟೊಮೆಟೊ ಬೀಜ ಮೂರು ನಾಲ್ಕು ವರ್ಷ ತಡೆಯುತ್ತದೆ, ಈರುಳ್ಳಿಯದು ಒಂದು ವರ್ಷ ಕಳೆದರೆ ನಂಬುವ ಹಾಗಿಲ್ಲ. ಆಮೇಲಿಂದ ಏನೇ ತಂದರೂ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ನೋಡುತ್ತೇನೆ. ಆರಕ್ಕಿಂತ ಕಡಿಮೆ ಮೊಳೆತರೆ ಒತ್ತೊತ್ತಾಗಿ ಬಿತ್ತುತ್ತೇನೆ. ಅವರೆ ಬೀಜದಲ್ಲಿ ಹುಳ ಬಂದದ್ದು ಇನ್ನೊಂದು ಕಥೆ. ಹುಳ ಹೊಲದಿಂದಲೇ ಕಾಳಿನೊಳಗೆ ಬಂದಿರುತ್ತದೆ, ಮೇಲೆ ಬೇವಿನ ಸೊಪ್ಪು ಹಾಕಿದರೆ ಒಳಗಿನದಕ್ಕೆ ಏನಾಗಬೇಕು? ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಗೆ ಹಾಕಿ ನಾಲ್ಕೈದು ದಿನ ಫ್ರೀಜರ್‌ನಲ್ಲಿಟ್ಟರೆ ಕಾಟ ತಪ್ಪುತ್ತದೆ. ಪಸೆ ಇದ್ದರೆ ಮಾತ್ರ ಬೀಜವೇ ಸಾಯುತ್ತದೆ.

ಮೂರನೇ ವರ್ಷದ ದೂರು ನನ್ನ ಮೇಲೆಯೇ ಬಂತು. ಉದ್ದ ಸೋರೆಯ ಎರಡು ಪೊಟ್ಟಣ ವಾಪಸ್ ಕೊಟ್ಟಿದ್ದೆ, ಮುತ್ತಿನ ಹಾಗೆ ಅಕ್ಷರ ಬರೆದು. ಮುಂದಿನ ವರ್ಷ ಒಬ್ಬರು ಒಂದು ಕಾಯಿ ಎತ್ತಿಕೊಂಡು ಬಂದರು. ಮೇಲೆ ಕತ್ತು, ಕೆಳಗೆ ಕೊಡ! "ಇದು ನಿಮ್ಮ ಉದ್ದ ಸೋರೆ ನೋಡಿ ಮೇಡಂ" ಅಂದರು. ಅದೇ ಚಪ್ಪರಕ್ಕೆ ಗುಂಡು ಸೋರೆಯನ್ನೂ ಹಬ್ಬಿಸಿದ್ದೆನಲ್ಲ, ಅದರ ಪರಾಗ ಇದರ ಹೂವಿಗೆ ತಾಗಿದ್ದರ ಫಲ. ನನ್ನ ಬಳ್ಳಿಯ ಕಾಯಿಗಳೆಲ್ಲ ಉದ್ದವೇ ಇದ್ದವು. ಬೆರಕೆ ಆಗಿದ್ದು ಒಳಗಿನ ಬೀಜ, ಅದು ಗೊತ್ತಾಗುವುದು ಮುಂದಿನವರ ಮನೆಯಲ್ಲಿ. ಪುಣ್ಯಕ್ಕೆ ಕಾಯಿ ಕಹಿ ಇರಲಿಲ್ಲ. ಕಹಿ ಸೋರೆ ತಿಂದರೆ ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಬೇಕಾಗಬಹುದು. ಹಸಿ ಚೂರೊಂದನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿ ಅನಿಸಿದರೆ ಉಗಿದು ಇಡೀ ಕಾಯಿ ಎಸೆಯಿರಿ.

ಈಗ ಸೋರೆ ಬೀಜಕ್ಕೆ ಬಿಡುವುದಾದರೆ, ಬೇರೆ ಪರಾಗ ಸೇರದ ಹಾಗೆ ಹೂವಿಗೆ ದಾರ ಕಟ್ಟುತ್ತೇನೆ. ಸೋರೆ ಹೂವು ಅರಳುವುದು ಸಂಜೆ. ಅದಕ್ಕೆ ಮುಂಚೆಯೇ ಹೆಣ್ಣು ಮೊಗ್ಗಿಗೂ ಗಂಡು ಮೊಗ್ಗಿಗೂ ತುದಿಯಲ್ಲಿ ದಾರ ಸುತ್ತಿಡಬೇಕು. ಕತ್ತಲಾಗುವ ಹೊತ್ತಿಗೆ ಬಿಚ್ಚಿ, ಗಂಡು ಹೂವನ್ನು ಹೆಣ್ಣಿಗೆ ತಾಗಿಸಿ, ಮತ್ತೆ ಕಟ್ಟಬೇಕು. ಹಿಡಿದ ಕಾಯಿಯ ತೊಟ್ಟಿಗೆ ಕೆಂಪು ದಾರ. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ಅತ್ತೆಯದು ದಿನಾ ಒಂದೇ ರಾಗ: "ಅಷ್ಟು ಚೆನ್ನಾಗಿರೋ ಕಾಯಿ, ಪಲ್ಯಕ್ಕೆ ಕೊಡೋದು ಬಿಟ್ಟು ಒಣಗಿಸ್ತೀಯಲ್ಲಮ್ಮಾ?"

ಹೊಸಬರು ಸೋರೆ, ಹೀರೆ, ಕುಂಬಳದ ಸಹವಾಸಕ್ಕೆ ಹೋಗಬೇಡಿ. ಅಲಸಂದೆ, ಅವರೆ, ಟೊಮೆಟೊ ಸುಲಭ. ಅವುಗಳ ಹೂವು ಬಹುಪಾಲು ತನ್ನಲ್ಲೇ ಫಲ ಕಟ್ಟಿಕೊಳ್ಳುತ್ತದೆ, ಬೆರಕೆ ಕಡಿಮೆ. ಟೊಮೆಟೊ ತಿರುಳನ್ನು ಎರಡು ದಿನ ಲೋಟದಲ್ಲಿ ಹುಳಿಯಲು ಬಿಟ್ಟು ತೊಳೆದರೆ ಲೋಳೆ ಹೋಗುತ್ತದೆ. ತಳಕ್ಕೆ ಕೂತ ಬೀಜವನ್ನು ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಪೇಪರ್ ಮೇಲೆ ಹಾಕಿದರೆ ಅಂಟಿಕೊಂಡು ಪ್ರಾಣ ತೆಗೆಯುತ್ತದೆ.

ನಾನು ಕೊಡುವುದು ಐದಕ್ಕೆ ನಾಲ್ಕು. ತಂದವರಲ್ಲಿ ಎಷ್ಟೋ ಜನ ವಾಪಸ್ ಕೊಡುವುದಿಲ್ಲ, ಕೇಳಲು ನಡೆಸುವವರಿಗೂ ಸಂಕೋಚ. ಒಂದು ಅಂಕ ಅದಕ್ಕೇ ಹೋಯಿತು. ಆ ಸೋರೆ ಗಲಾಟೆಯ ಮೇಲೆ ಬಾಟಲಿಗಳಿಗೆ ಹೊಸ ಚೀಟಿ ಬಂದಿದೆ: ತಳಿ, ವರ್ಷ, ಪಕ್ಕದಲ್ಲಿ ಏನು ಬೆಳೆದಿತ್ತು, ಕೊಟ್ಟವರು ಯಾರು. ನನ್ನ ಹಳೇ ಬಾಟಲಿಯನ್ನೂ ಬಿಸಾಕಿಲ್ಲ. "ಬೆರಕೆ ಸೋರೆ, ಅದೃಷ್ಟ ಪರೀಕ್ಷೆಗೆ" ಅಂತ ಬರೆದು ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಿದ್ದಾರೆ. ಅದನ್ನೂ ಕೇಳಿ ಒಯ್ಯುವವರಿದ್ದಾರೆ.