ಗಿಗ್ ಕಾರ್ಮಿಕರ ವಿಮೆಗೆ ಹೆಸರು ಬರೆಸಿದೆ, ನನ್ನ ಅನುಭವ ಹೀಗಿದೆ

ಬೆಂಗಳೂರಲ್ಲಿ ನಾಲ್ಕು ವರ್ಷದಿಂದ ಊಟದ ಡೆಲಿವರಿ ಮಾಡುತ್ತಿದ್ದೇನೆ. ನಮ್ಮ ಹಾಗೆ ಆ್ಯಪ್ ಮೂಲಕ ಕೆಲಸ ಮಾಡುವವರಿಗೆ ಇರುವ, ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ ವಿಮಾ ಯೋಜನೆಗೆ ಈಗ ಹೆಸರು ಬರೆಸಿದೆ. ಹೋಟೆಲ್ ಮುಂದೆ ಆರ್ಡರ್‌ಗೆ ಕಾಯುವಾಗ ಹುಡುಗರು ಇದನ್ನೇ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇ-ಶ್ರಮ್ ಕಾರ್ಡ್ ಬೇಕು, ಅಂದರೆ ಕೇಂದ್ರ ಸರ್ಕಾರ ಅಸಂಘಟಿತ ಕಾರ್ಮಿಕರಿಗೆ ಕೊಡುವ ಕಾರ್ಡ್. ಆಧಾರ್‌ಗೆ ಕೊಟ್ಟ ನಂಬರ್ ನಿಮ್ಮ ಹತ್ತಿರವೇ ಇದ್ದರೆ ಒಟಿಪಿ ಬರುತ್ತದೆ, ಫೋನಲ್ಲೇ ಮುಗಿಯುತ್ತದೆ. ಆಮೇಲೆ ರಾಜ್ಯ ಸರ್ಕಾರದ ವೆಬ್‌ಸೈಟ್ ಸೇವಾ ಸಿಂಧುವಿನಲ್ಲಿ ಅರ್ಜಿ. ನಾವು ಕಂತು ಕಟ್ಟಬೇಕಿಲ್ಲ, ಪೂರ್ತಿ ಉಚಿತ. ಇದು ಗೊತ್ತಿಲ್ಲದೆ ನಾನು ಮನೆ ಹತ್ತಿರದ ಸೈಬರ್ ಸೆಂಟರ್‌ನಲ್ಲಿ 300 ರೂಪಾಯಿ ಕೊಟ್ಟೆ, ಸರ್ಕಾರದ ಫೀಸು ಅಂದರು. ನೀವು ಸುಮ್ನೆ ಕೊಡಬೇಡಿ.

ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ ಒಟ್ಟು 4 ಲಕ್ಷ, ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ. ಮಳೆಯಲ್ಲಿ ಗುಂಡಿ ಕಾಣದೆ ಗಾಡಿ ಓಡಿಸುವವರಿಗೆ ಇದು ದೊಡ್ಡ ಧೈರ್ಯ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಆದರೆ ನಮಗೆ ದಿನಾ ಇರುವ ಭಯ ಬೇರೆ, ಐಡಿ ಬ್ಲಾಕ್, ಅಂದರೆ ಕಂಪನಿ ಆ್ಯಪ್‌ನಲ್ಲಿ ನಮ್ಮ ಖಾತೆ ಮುಚ್ಚಿ ಕೆಲಸ ನಿಲ್ಲಿಸುವುದು. ಹೋದ ವರ್ಷ ನನ್ನ ಜೊತೆಗಾರನ ಐಡಿ ಒಂದು ರಾತ್ರಿ ಬ್ಲಾಕ್ ಆಯಿತು. ಯಾಕೆ ಅಂತ ಕೇಳಲು ಒಬ್ಬ ಮನುಷ್ಯ ಸಿಗಲಿಲ್ಲ, ಚಾಟ್‌ನಲ್ಲಿ ಅದೇ ಉತ್ತರ ಮತ್ತೆ ಮತ್ತೆ ಬರುತ್ತಿತ್ತು, ಗಾಡಿಯ ಇಎಂಐ ಮಾತ್ರ ನಿಲ್ಲಲಿಲ್ಲ. ಇದಕ್ಕೆ ವಿಮೆಯಲ್ಲಿ ಏನೂ ಇಲ್ಲ. ಇರುವುದು 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾನೂನಿನಲ್ಲಿ. ಕೆಲಸದಿಂದ ತೆಗೆಯುವ ಮೊದಲು ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು. ಕರಾರು ಬದಲಿಸುವ ಮುಂಚೆಯೂ 14 ದಿನ ಮೊದಲೇ ತಿಳಿಸಬೇಕು. ಪ್ರತಿ ಆರ್ಡರ್‌ಗೆ ನಮಗೆ ಕೊಡುವ ಹಣದ ಮೇಲೆ ಕಂಪನಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಅದು ನಮ್ಮ ನಿಧಿಗೆ ಹೋಗುತ್ತದೆ. ನನಗೆ ಆ 4 ಲಕ್ಷಕ್ಕಿಂತ ಈ 14 ದಿನವೇ ಜಾಸ್ತಿ ಬೆಲೆಯದ್ದು, ಯಾಕಂದ್ರೆ ಅಪಘಾತ ಎಲ್ಲರಿಗೂ ಆಗಲ್ಲ, ಬ್ಲಾಕ್ ಯಾರಿಗೆ ಬೇಕಾದರೂ ಆಗಬಹುದು, ಅಲ್ವಾ?

ಒಂದು ಮಾತು. ಐಡಿ ಹೋದ ಮೇಲೆ ಆ್ಯಪ್ ತೆರೆಯುವುದಿಲ್ಲ, ಹಳೆಯ ಲೆಕ್ಕ ಏನೂ ಸಿಗುವುದಿಲ್ಲ. ಜೊತೆಗಾರನಿಗೆ ದೂರು ಬರೆಯಲು ಕೈಯಲ್ಲಿ ಒಂದು ದಾಖಲೆಯೂ ಇರಲಿಲ್ಲ. ನಿಮ್ಮ ಕರಾರು, ರೇಟಿಂಗ್, ವಾರದ ಪೇಔಟ್ ಎಲ್ಲದರ ಸ್ಕ್ರೀನ್‌ಶಾಟ್ ಈಗಲೇ ತೆಗೆದು ಮನೆಯವರ ಫೋನಿಗೂ ಕಳಿಸಿಡಿ.