ರಾಜಸ್ಥಾನಕ್ಕೆ ಪೋಸ್ಟಿಂಗ್ ಬಂದ ನಮ್ಮೂರ ಫೌಜಿ ಮನೆಯವರೇ, ಸಾಮಾನು ಸಾಗಿಸುವವರ ಬಗ್ಗೆ ಹುಷಾರು

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯಿಂದ ಆರ್ಮಿಯಲ್ಲಿರುವವರ ಮನೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ಯಜಮಾನರಿಗೆ ಜೋಧ್‌ಪುರವೋ ಬಿಕಾನೇರೋ ಬಂದಿದೆ, ಪೀಸ್ ಪೋಸ್ಟಿಂಗ್, ಈ ಸಲ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು ಅಂತ ಮನೆಯಲ್ಲಿ ಎಲ್ಲರೂ ಖುಷಿಯಲ್ಲಿ ಇರುತ್ತೀರಿ. ಖುಷಿ ಪಡಿ. ಆದರೆ ಫೋನಿನಲ್ಲಿ ಸಿಕ್ಕಿದ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೆ ಅಡ್ವಾನ್ಸ್ ಹಾಕುವ ಮೊದಲು ಇದನ್ನು ಪೂರ್ತಿ ಓದಿ. ನಮ್ಮ ಸಾಮಾನಿಗೆ ಆದದ್ದು ನಿಮ್ಮದಕ್ಕೆ ಆಗುವುದು ಬೇಡ.

ನಮ್ಮ ಮನೆ ಕಾರವಾರದ ಎದುರು, ಕಾಳಿ ನದಿಯ ಉತ್ತರ ದಂಡೆಯ ಸದಾಶಿವಗಡದಲ್ಲಿ. ಇವರು ಫೀಲ್ಡ್‌ನಲ್ಲಿ, ಅಂದರೆ ಮನೆಯವರನ್ನು ಕರೆದುಕೊಂಡು ಹೋಗಲಾಗದ ಪೋಸ್ಟಿಂಗ್‌ನಲ್ಲಿ, ಇದ್ದಷ್ಟು ಕಾಲ ನಾನು ಮಕ್ಕಳನ್ನು ಕಟ್ಟಿಕೊಂಡು ಅತ್ತೆ ಮಾವನ ಜೊತೆ ಇಲ್ಲೇ ಇದ್ದೆ. ಜೋಧ್‌ಪುರಕ್ಕೆ ಆರ್ಡರ್ ಬಂದಾಗ ಬೇಸಿಗೆ. ಕೇಂದ್ರೀಯ ವಿದ್ಯಾಲಯದ ವರ್ಷ ಏಪ್ರಿಲ್‌ನಲ್ಲೇ ಶುರುವಾಗುತ್ತದೆ, ಹಾಗಾಗಿ ಮಳೆ ಬಂದ ಮೇಲೆ ಹೋಗೋಣ ಅಂತ ಕೂರಲು ಆಗುವುದಿಲ್ಲ. ಫೌಜಿ ಮನೆಗಳೆಲ್ಲ ಇದೇ ಹೊತ್ತಿಗೆ ಗಂಟುಮೂಟೆ ಕಟ್ಟುತ್ತವೆ, ಮೋಸ ಮಾಡುವವರಿಗೂ ಇದೇ ಸೀಸನ್.

ರೇಟ್ ಎಷ್ಟಾಗಬಹುದು ಅಂತ ಸುಮ್ನೆ ಒಂದು ವೆಬ್‌ಸೈಟಿನಲ್ಲಿ ಫೋನ್ ನಂಬರ್ ಹಾಕಿದ್ದು. ಚಹಾ ಇಳಿಸುವಷ್ಟರಲ್ಲಿ ಫೋನ್ ಬರಲು ಶುರು. ಒಬ್ಬರಾದ ಮೇಲೆ ಒಬ್ಬರು, ರಾತ್ರಿ ಊಟದವರೆಗೂ. ನಂಬರ್ ತೆಗೆದುಕೊಂಡು ಹತ್ತು ಕಂಪನಿಗೆ ಮಾರುವುದೇ ಆ ಸೈಟ್‌ಗಳ ವ್ಯಾಪಾರ ಅಂತ ಆಮೇಲೆ ತಿಳಿಯಿತು. ಎಲ್ಲರೂ "ಆರ್ಮಿಯವರಿಗೆ ಸ್ಪೆಷಲ್ ಡಿಸ್ಕೌಂಟ್" ಅನ್ನುವವರೇ. ಅದರಲ್ಲಿ ಒಬ್ಬ ಹುಬ್ಬಳ್ಳಿಯವನು, ಚೆಂದ ಕನ್ನಡ ಮಾತಾಡಿದ, ಅಕ್ಕಾ ಅಕ್ಕಾ ಅಂತ ಬಾಯಿ ತುಂಬ ಕರೆದ. ಮನೆಯಿಂದ ಮನೆಗೆ 42 ಸಾವಿರ, ನಿಮ್ಮ ಸಾಮಾನಿಗೇ ಬೇರೆ ಗಾಡಿ, ನಡುವೆ ಎಲ್ಲೂ ಇಳಿಸುವುದಿಲ್ಲ ಅಂದ. 20 ಸಾವಿರ ಮುಂಗಡ.

ಇಲ್ಲಿ ಎರಡು ಮಾತು ಹೇಳಲೇಬೇಕು. ಡಿಸ್ಕೌಂಟ್ ಕೊಡಬೇಕಾದರೆ ಆರ್ಮಿ ಐಡಿ ಕಾರ್ಡ್ ಮತ್ತು ಮೂವ್‌ಮೆಂಟ್ ಆರ್ಡರ್‌ನ ಫೋಟೋ ವಾಟ್ಸಾಪ್ ಮಾಡಿ ಅಂದ. ಇವರು ಒಪ್ಪಲಿಲ್ಲ. ನೀವೂ ಯಾವ ಕಾರಣಕ್ಕೂ ಕಳಿಸಬೇಡಿ. ಓಎಲ್‌ಎಕ್ಸ್‌ನಲ್ಲಿ "ನಾನು ಆರ್ಮಿ ಜವಾನ್, ಟ್ರಾನ್ಸ್‌ಫರ್ ಆಗಿದೆ, ಬೈಕ್ ಕಡಿಮೆಗೆ ಕೊಡುತ್ತೇನೆ" ಅಂತ ಜನರಿಗೆ ಟೋಪಿ ಹಾಕುವವರು ತೋರಿಸುವುದು ಇಂಥ ಕಾರ್ಡ್‌ಗಳನ್ನೇ. ನಿಮ್ಮವರ ಫೋಟೋ, ನಂಬರ್ ಇಟ್ಟುಕೊಂಡು ಯಾರೋ ಇನ್ಯಾರಿಗೋ ಮೋಸ ಮಾಡಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೆ. ಎರಡನೆಯದು ಬಿಲ್. "ಕ್ಲೇಮ್‌ಗೆ ಎಷ್ಟು ಬೇಕೋ ಅಷ್ಟರ ಬಿಲ್ ಮಾಡಿಕೊಡುತ್ತೇನೆ ಅಕ್ಕಾ" ಅಂದ. ವರ್ಗಾವಣೆಗೆ ಸರ್ಕಾರ ಒಂದು ತಿಂಗಳ ಮೂಲ ವೇತನದ 80% ಗ್ರಾಂಟ್ ಕೊಡುತ್ತದೆ. ಸಾಮಾನು ಸಾಗಿಸಿದ್ದಕ್ಕೆ ದರ್ಜೆ ನೋಡಿ ಕಿಲೋಮೀಟರ್ ಲೆಕ್ಕದಲ್ಲಿ ಬೇರೆ ಕೊಡುತ್ತದೆ, ಅದಕ್ಕೆ ಬಿಲ್ ಬೇಕು. ಸುಳ್ಳು ಬಿಲ್ ಮೇಲೆ ಸಹಿ ಹಾಕುವುದು ನಿಮ್ಮ ಯಜಮಾನರು, ಆ ಹುಬ್ಬಳ್ಳಿಯವನಲ್ಲ. ಸಿಕ್ಕಿಬಿದ್ದರೆ ನೌಕರಿಗೇ ಸಂಚಕಾರ. ಕೊಟ್ಟಷ್ಟಕ್ಕೇ ಬಿಲ್ ಸಾಕು ಅಂತ ನಾವು ಖಡಕ್ಕಾಗಿ ಹೇಳಿದೆವು.

ಲೋಡ್ ಮಾಡಲು ಹುಡುಗರು ಬಂದರು. ಕೆಲಸ ಚುರುಕು, ಅದರಲ್ಲಿ ದೂರಿಲ್ಲ. ಆದರೆ ಗಾಡಿ ಸದಾಶಿವಗಡದಿಂದ ಗೋವಾ ಕಡೆ ಹೋಗುವ ಬದಲು ಕಾರವಾರದ ಕಡೆ ತಿರುಗಿತು. 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಕುಸಿದ ಮೇಲೆ ಕಾಳಿ ನದಿ ದಾಟಲು ಎಲ್ಲರಿಗೂ ಹೊಸ ಸೇತುವೆಯೊಂದೇ ಗತಿ ಅಲ್ವಾ, ಅದರ ಮೇಲೆ ನಮ್ಮ ಸಾಮಾನು ದಕ್ಷಿಣಕ್ಕೆ ಹೋಗುವುದನ್ನು ನೋಡಿ ಮಾವ "ರಾಜಸ್ಥಾನ ಯಾವಾಗ ಆ ಕಡೆ ಹೋಯಿತು?" ಅಂತ ಕೇಳಿದರು. ಫೋನ್ ಮಾಡಿದರೆ, ಯಲ್ಲಾಪುರ ಘಟ್ಟ ಹತ್ತಿ ಬೆಳಗಾವಿ, ಪುಣೆ ಮೇಲೆ ಹೋಗುತ್ತೇವೆ, ರಸ್ತೆ ಚೆನ್ನಾಗಿದೆ ಅಂದ. ಅದೂ ಒಂದು ದಾರಿಯೇ, ಹಾಗಾಗಿ ಏನೂ ಹೇಳುವ ಹಾಗಿರಲಿಲ್ಲ.

ನಿಜವಾಗಿ ಹೋಗಿದ್ದು ಹುಬ್ಬಳ್ಳಿಯ ಗೋದಾಮಿಗೆ. ಇಂಥ ಪ್ಯಾಕರ್ಸ್‌ನವರ ಹತ್ತಿರ ಸ್ವಂತ ಲಾರಿ ಇರುವುದಿಲ್ಲ. ಚಿಕ್ಕ ಗಾಡಿಯಲ್ಲಿ ತಂದು ಗೋದಾಮಿನಲ್ಲಿ ರಾಶಿ ಹಾಕಿ, ಉತ್ತರಕ್ಕೆ ಹೋಗುವ ಯಾವುದೋ ಲಾರಿಯಲ್ಲಿ ಜಾಗ ಸಿಕ್ಕಿದಾಗ ಬೇರೆಯವರ ಸಾಮಾನಿನ ಜೊತೆ ತುರುಕುತ್ತಾರೆ. ಇದಕ್ಕೆ ಪಾರ್ಟ್ ಲೋಡ್ ಅನ್ನುತ್ತಾರೆ. ಗೊತ್ತಿದ್ದೇ ಪಾರ್ಟ್ ಲೋಡ್ ಮಾಡಿಸಿದರೆ ತಪ್ಪೇನಿಲ್ಲ, ಖರ್ಚೂ ಕಡಿಮೆ. ಬೇರೆ ಗಾಡಿಯ ದುಡ್ಡು ತೆಗೆದುಕೊಂಡು ಪಾರ್ಟ್ ಲೋಡ್ ಮಾಡುವುದು ಮೋಸ.

ಆಮೇಲೆ ದಿನಕ್ಕೊಂದು ಫೋನ್. ತೂಕ ಜಾಸ್ತಿ ಬಂತು. ರಾಜಸ್ಥಾನ ಬಾರ್ಡರ್ ಟ್ಯಾಕ್ಸ್ ಕಟ್ಟಬೇಕು. ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ) ಮಾಡಿಸಬೇಕು. ಇನ್ಶೂರೆನ್ಸ್‌ಗೆ ಮೂರು ಪರ್ಸೆಂಟ್. ಇವೆಲ್ಲ ಎಷ್ಟು ಹಸಿ ಸುಳ್ಳು ಅಂದರೆ, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಲೇ ಪ್ರವೇಶ ತೆರಿಗೆ ಹೋಯಿತು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ ಅಂತ ಜಿಎಸ್‌ಟಿ ನಿಯಮದಲ್ಲೇ ಇದೆ. ಇನ್ಶೂರೆನ್ಸ್ ಅಂದರೆ ಇನ್ಶೂರೆನ್ಸ್ ಕಂಪನಿಯ ಪಾಲಿಸಿ ನಂಬರ್ ಇರುವ ಕಾಗದ ಬೇಕು. ಅದನ್ನು ಕೇಳಿದ ತಕ್ಷಣ ನಮ್ಮವನು ಅಕ್ಕಾ ಅನ್ನುವುದು ಬಿಟ್ಟು ಮೇಡಂ ಅನ್ನಲು ಶುರು ಮಾಡಿದ.

ಹೇಳಿದ ದಿನ ಕಳೆದು ವಾರದ ಮೇಲಾದ ಮೇಲೆ ಲಾರಿ ಜೋಧ್‌ಪುರ ತಲುಪಿತು. ತಲುಪಿತು ಅಂದರೆ ಊರ ಹೊರಗೆ ನಿಂತಿತು. ಬಾಕಿ 22 ಸಾವಿರ ಅಲ್ಲದೆ ಇನ್ನೂ 27 ಸಾವಿರ ಹಾಕಿ, ಇಲ್ಲದಿದ್ದರೆ ಗಾಡಿ ವಾಪಸ್ ಗೋದಾಮಿಗೆ ಹೋಗುತ್ತದೆ, ದಿನದ ಬಾಡಿಗೆ ನಿಮ್ಮದೇ ಅಂತ ಮೆಸೇಜ್. ಲಾರಿ ಡ್ರೈವರ್ ಪಾಪದವನು, ರಾಜಸ್ಥಾನದವನೇ. ಅವನಿಗೂ ಪೂರ್ತಿ ಬಾಡಿಗೆ ಸಿಕ್ಕಿರಲಿಲ್ಲ, ಭಾಬೀಜಿ ನನ್ನ ಮಾಲೀಕ ನನ್ನನ್ನು ಬಿಡುವುದಿಲ್ಲ ಅಂತ ಕೈ ಮುಗಿದ. ಇವರು ಯೂನಿಟ್‌ನ ಇಬ್ಬರನ್ನು ಕರೆದುಕೊಂಡು ಠಾಣೆಗೆ ಹೋಗಿ ದೂರು ಬರೆದುಕೊಟ್ಟರು. ಅಲ್ಲಿಂದ ಫೋನ್ ಹೋದ ಮೇಲೆ ಹುಬ್ಬಳ್ಳಿ ನಂಬರ್ ಸ್ವಿಚ್ ಆಫ್. ಕೊನೆಗೆ ಬಾಕಿ ಹಣವನ್ನು ನೇರವಾಗಿ ಲಾರಿ ಮಾಲೀಕನಿಗೆ ಕೊಟ್ಟು, ಅವನಿಂದ ರಸೀದಿ ಬರೆಸಿಕೊಂಡು ಸಾಮಾನು ಇಳಿಸಿಕೊಂಡೆವು. 27 ಸಾವಿರ ಕೊಡಲಿಲ್ಲ.

ಬಿಲ್‌ನ ಕಥೆ ಬೇರೆಯೇ. ಅದರ ಮೇಲಿದ್ದ ಜಿಎಸ್‌ಟಿ ನಂಬರ್ 06 ಅಂತ ಶುರುವಾಗುತ್ತಿತ್ತು. ಮೊದಲ ಎರಡು ಅಂಕಿ ರಾಜ್ಯದ ಕೋಡ್. ಕರ್ನಾಟಕದ್ದು 29, ರಾಜಸ್ಥಾನದ್ದು 08. 06 ಅಂದರೆ ಹರಿಯಾಣ! ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಬಟ್ಟೆ ವ್ಯಾಪಾರ ಮಾಡುವ ಯಾರದ್ದೋ ಹೆಸರು, ಅದೂ ರದ್ದಾದ ನಂಬರ್. ಆ ಬಿಲ್ ಇಟ್ಟು ಕ್ಲೇಮ್ ಹಾಕುವ ಹಾಗಿಲ್ಲ, ಹಾಗಾಗಿ ಸಾಗಣೆಯ ದುಡ್ಡು ಇನ್ನೂ ಕೈಗೆ ಬಂದಿಲ್ಲ. ಈ ನಂಬರ್ ನೋಡಲು ಎರಡು ನಿಮಿಷ ಸಾಕು, ದುಡ್ಡು ಕೊಡಬೇಕಿಲ್ಲ. ಕೊಟೇಶನ್ ಬಂದ ದಿನವೇ ನೋಡಿ. ಕೊಟೇಶನ್ ಮೇಲೆ ನಂಬರೇ ಇಲ್ಲ, "ಬಿಲ್ ಆಮೇಲೆ ಬರುತ್ತದೆ" ಅಂದರೆ ನಮಸ್ಕಾರ ಹೇಳಿ ಫೋನ್ ಇಡಿ.

ಇನ್ನು ಸಾಮಾನಿನ ಗತಿ. ಜೋಧ್‌ಪುರದಿಂದ ಮೇಲಕ್ಕೆ ಫಲೋಡಿ ಅಂತ ಊರಿದೆ, 2016ರ ಮೇ 19ರಂದು ಅಲ್ಲಿ 51 ಡಿಗ್ರಿ ದಾಖಲಾಗಿತ್ತು. ಅಂಥ ಸೀಮೆಯಲ್ಲಿ ಮೇ ತಿಂಗಳಲ್ಲಿ ತಗಡಿನ ಕಂಟೇನರ್ ದಿನಗಟ್ಟಲೆ ಬಿಸಿಲಲ್ಲಿ ನಿಂತರೆ ಒಳಗೆ ಏನಾಗಬೇಡ? ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯ ಮುಚ್ಚಳದ ಸಂದಿಯಿಂದ ರಸ ಉಕ್ಕಿ ಹಾಸಿಗೆಗೆ ಇಳಿದಿತ್ತು. ಮುರುಗಲು ಶರಬತ್ತಿನ ಬಾಟಲಿ ಹುಳಿ ಬಂದು ಒಡೆದು, ಮಕ್ಕಳ ಪುಸ್ತಕವೆಲ್ಲ ಕೆಂಪು. ಇನ್ವರ್ಟರ್ ಬ್ಯಾಟರಿಯ ಆಸಿಡ್ ಚೆಲ್ಲಿತ್ತು. ಸನ್‌ಮೈಕಾ ಎದ್ದು ಬಂದಿತ್ತು.

ಇವೆಲ್ಲ ಹೋಗಲಿ. ಹಲಸಿನ ಮರದ ದೇವರ ಮಂಟಪ ಇತ್ತು, ಅತ್ತೆ ಕೊಟ್ಟಿದ್ದು. ಬಂದಾಗ ನೋಡಲು ಸರಿಯಾಗಿಯೇ ಇತ್ತು. ಬಿಚ್ಚಿ ಗೋಡೆಗೆ ಇಟ್ಟು, ಪಕ್ಕದಲ್ಲಿ ಫ್ಯಾನ್ ಹಾಕಿಕೊಂಡು ಮಲಗಿದ್ದೆವು. ರಾತ್ರಿ ಟಪ್ ಅಂತ ಸದ್ದು. ಹಲ್ಲಿ ಇರಬೇಕು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಹಿಂದಿನ ಹಲಗೆಯಲ್ಲಿ ಮೇಲಿಂದ ಕೆಳಗೆ ಸೀಳು, ಆಮೇಲೆ ಅದು ಬೆರಳು ತೂರುವಷ್ಟು ಅಗಲವಾಯಿತು. ಜೋಧ್‌ಪುರ ಮರದ ಪೀಠೋಪಕರಣಕ್ಕೆ ಹೆಸರಾದ ಊರು, ವಿದೇಶಕ್ಕೆಲ್ಲ ಕಳಿಸುತ್ತಾರೆ. ಅಲ್ಲಿಯ ಒಬ್ಬ ಬಡಗಿಯನ್ನು ಕರೆಸಿದೆವು. ಅವರು ಹಲಗೆ ಮುಟ್ಟಿ ನೋಡಿ, ಸಮುದ್ರದ ಕಡೆಯ ಮರ ಅಲ್ವಾ ಅಂತ ಕೇಳಿದರು. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ, ಜೋಧ್‌ಪುರದಲ್ಲಿ 400ಕ್ಕೂ ಕಡಿಮೆ. ನಮ್ಮ ಕಡೆಯ ಮರ ಗಾಳಿಯ ತೇವ ಕುಡಿದು ಉಬ್ಬಿಕೊಂಡೇ ಇರುತ್ತದೆ. ಒಣ ಗಾಳಿಗೆ ಬಿದ್ದ ಕೂಡಲೇ ಅಡ್ಡಕ್ಕೆ ಕುಗ್ಗುತ್ತದೆ. ಹಲಗೆಯನ್ನು ಮೊಳೆ, ಗೋಂದು ಹಾಕಿ ಬಿಗಿದಿದ್ದರೆ ಕುಗ್ಗಲು ಜಾಗವಿಲ್ಲದೆ ಸೀಳುತ್ತದೆ. ಚೌಕಟ್ಟಿನಲ್ಲಿ ಕೊರೆದ ತೋಡಿನೊಳಗೆ ಸಡಿಲವಾಗಿ ಕೂರಿಸಿದ ಹಲಗೆಯಾದರೆ ಬಚಾವ್. ನಮ್ಮ ಹಳೇ ಮಂಚ ಹಾಗೆ ಮಾಡಿದ್ದು, ಅದಕ್ಕೆ ಏನೂ ಆಗಲಿಲ್ಲ. ಮದ್ದಳೆ, ಹಾರ್ಮೋನಿಯಂ, ವೀಣೆ ಇದ್ದವರು ದಯವಿಟ್ಟು ಊರಲ್ಲೇ ಬಿಟ್ಟು ಹೋಗಿ.

ಕ್ವಾರ್ಟರ್ಸ್ ವೇಟಿಂಗ್‌ನಲ್ಲಿತ್ತು, ಅದಕ್ಕೇ ಹೊರಗೆ ಬಾಡಿಗೆ ಮನೆ ಹಿಡಿದಿದ್ದೆವು. ಫೋಟೋ ನೋಡಿ ಟೆರೇಸ್ ಕೆಳಗಿನ ಮನೆ ಹಿಡಿಯಬೇಡಿ. ಅಲ್ಲಿ ಉದ್ದುದ್ದ ಕಲ್ಲಿನ ಪಟ್ಟಿ ಜೋಡಿಸಿ ಛಾವಣಿ ಮಾಡುತ್ತಾರೆ, ಹಗಲೆಲ್ಲ ಕಾದ ಕಲ್ಲು ರಾತ್ರಿಯೆಲ್ಲ ಕೆಳಗೆ ಬಿಸಿ ಬಿಡುತ್ತದೆ. ಮಾಳಿಗೆ ಮೇಲಿನ ಟ್ಯಾಂಕಿನ ನೀರು ರಾತ್ರಿ ಹತ್ತಕ್ಕೂ ಸುಡುತ್ತದೆ. ಬೆಳಗಿನ ಜಾವವೇ ಬಕೆಟ್ ತುಂಬಿ ಒಳಗಿಟ್ಟುಕೊಳ್ಳಬೇಕು, ಸಂಜೆ ಸ್ನಾನಕ್ಕೆ ಅದೇ. ನಮ್ಮೂರಲ್ಲಿ ಕೂಲರ್ ಹಾಕಿದರೆ ಮೈ ಇನ್ನೂ ಅಂಟುತ್ತದೆ, ಅಲ್ಲಿ ಗಾಳಿ ಒಣಗಿರುವುದರಿಂದ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಎದುರು ಕಿಟಕಿ ತೆರೆದಿರಬೇಕು, ನೀರೂ ಸಿಕ್ಕಾಪಟ್ಟೆ ಕುಡಿಯುತ್ತದೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಮನೆ ನೋಡುವಾಗಲೇ ಕೇಳಿ. ಮೀನು ಬೇಯಿಸಬಹುದಾ ಅಂತಲೂ ಕೇಳಿ. ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ ಮನೆ ಕೊಡುವವರು ಬಹಳ. ನಮ್ಮ ಒಣ ಸೀಗಡಿ ಡಬ್ಬ ತೆರೆಯದೆಯೇ ಯೂನಿಟ್‌ನ ಒಬ್ಬ ಮಲಯಾಳಿ ಮನೆಗೆ ಹೋಯಿತು.

ಮಗನಿಗೆ ಬಂದ ಹೊಸತರಲ್ಲಿ ಮೂಗಿನಿಂದ ರಕ್ತ. ಒಣ ಗಾಳಿಗೆ ಮೂಗಿನೊಳಗಿನ ಪೊರೆ ಬಿರಿಯುತ್ತದೆ. ತಲೆ ಹಿಂದಕ್ಕೆ ಬಗ್ಗಿಸಬೇಡಿ, ರಕ್ತ ಗಂಟಲಿಗೆ ಇಳಿಯುತ್ತದೆ. ಮುಂದಕ್ಕೆ ಬಾಗಿಸಿ ಮೂಗಿನ ಮೆದು ಭಾಗ ಒತ್ತಿ ಹಿಡಿಯಿರಿ ಅಂತ ಡಾಕ್ಟರ್ ಹೇಳಿದರು. ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ಸಾಗಿಸಲೇಬೇಕು ಅನ್ನುವವರು ಲಾರಿ ನಂಬರ್ ಬರೆದ ಎಲ್‌ಆರ್ (ಲಾರಿ ರಸೀದಿ) ಕೈಗೆ ಬರುವವರೆಗೆ ಗಾಡಿ ಬಿಡಬೇಡಿ, ಗೋದಾಮಿನಲ್ಲಿ ಗಾಡಿ ಬದಲಾದರೆ ಹೊಸ ನಂಬರ್ ಕೇಳಿ. ಪ್ಯಾಕ್ ಮಾಡುವ ಮೊದಲು ಒಂದೊಂದರ ಫೋಟೋ ತೆಗೆಯಿರಿ. ಇಳಿಸಿಕೊಂಡಾಗ "ಸರಿಯಾಗಿ ತಲುಪಿದೆ" ಅಂತ ಕಣ್ಣು ಮುಚ್ಚಿ ಸಹಿ ಹಾಕಬೇಡಿ, ಒಡೆದಿದ್ದನ್ನು ಅದೇ ಕಾಗದದ ಮೇಲೆ ಬರೆದು ಸಹಿ ಹಾಕಿ. ಹಾಳಾದದ್ದಕ್ಕೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ ಇದೆ. ಇದನ್ನು ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ಹಳೆಯ ರಿಜಿಸ್ಟರ್ ಪೋಸ್ಟ್ 2025ರಲ್ಲಿ ಅದರೊಳಗೇ ಸೇರಿಹೋಯಿತು. 1915 ಗ್ರಾಹಕ ಸಹಾಯವಾಣಿ. ಗ್ರಾಹಕ ಆಯೋಗಕ್ಕೆ ಈಗ ನಾವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ನನ್ನನ್ನು ಕೇಳಿದರೆ ಪಾತ್ರೆ, ಬಟ್ಟೆ, ಪುಸ್ತಕ, ಮಿಕ್ಸಿ ಇಷ್ಟನ್ನು ರೈಲಿನ ಪಾರ್ಸೆಲ್‌ನಲ್ಲಿ ಹಾಕಿ ಹೊರಡಿ. ಕಂಟೋನ್ಮೆಂಟ್‌ನಲ್ಲಿ ನೀವು ಬರುವ ಹೊತ್ತಿಗೆ ಇನ್ಯಾರೋ ಹೊರಟಿರುತ್ತಾರೆ. ಕೂಲರ್, ಮಂಚ, ಫ್ರಿಜ್ ಎಲ್ಲ ಅವರೇ ಅರ್ಧ ಬೆಲೆಗೆ ಕೊಟ್ಟು ಹೋಗುತ್ತಾರೆ. ಯೂನಿಟ್‌ನ ಹೆಂಗಸರ ವಾಟ್ಸಾಪ್ ಗ್ರೂಪಿಗೆ ಮೊದಲೇ ಸೇರಿಕೊಳ್ಳಿ.

ನಮ್ಮ ದೂರು ನಡೆಯುತ್ತಿದೆ. ಈ ನಡುವೆ ಅಂಕೋಲೆಯ ನನ್ನ ನಾದಿನಿಗೆ ಒಂದು ಕೊಟೇಶನ್ ಬಂದಿತ್ತು, ಅವಳ ಯಜಮಾನರಿಗೂ ಪೋಸ್ಟಿಂಗ್. ಕಂಪನಿ ಹೆಸರು ಬೇರೆ, ಫೋನ್ ನಂಬರ್ ಬೇರೆ. ಆದರೆ ಮೇಲೆ ರಾಷ್ಟ್ರಧ್ವಜದ ಚಿತ್ರ, ಕೆಳಗೆ "ಆರ್ಮಿ ಸ್ಪೆಷಲ್", ಜಿಎಸ್‌ಟಿ ನಂಬರ್ ನಮ್ಮ ಬಿಲ್ ಮೇಲಿದ್ದ ಅದೇ 06ರದ್ದು. ಅವಳು ಅಡ್ವಾನ್ಸ್ ಹಾಕಿಲ್ಲ. ಅಂಥದ್ದು ನಿಮಗೂ ಬಂದಿದ್ದರೆ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ನನಗೆ ತಿಳಿಸಿ, ನಮ್ಮ ದೂರಿನ ಜೊತೆ ಸೇರಿಸಲು ಬೇಕು.